ಬಿಸಿಲು ಕಾಣದ ತೋಳು

ಕಿಟಕಿ ಮಾಮ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಬಸ್ ಡಿಪೋದ ಗೇಟಿನ ಎದುರಿಗೆ ಒಂದು ದರ್ಜಿಯ ಅಂಗಡಿ ಇದೆ. ಅದರ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದವನು ಕುಳಿತಂತೆಯೇ ಹೋದ. ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು. ಹೃದಯದ ಬಗ್ಗೆ ಅವನು ಒಂದು ದಿನವೂ ಚಿಂತೆ ಮಾಡಿದವನಲ್ಲ. ಕೊನೆಯ ವರ್ಷ ಅವನ ನಿದ್ದೆ ತಿಂದದ್ದು ಚರ್ಮ. ಅದೂ ತನ್ನದಲ್ಲ, ಮಗಳದು.

ಮನೆಗೆ ತಂದು ಮಲಗಿಸಿದ ಮೇಲೆ ನೋಡಲು ಬಂದವರಲ್ಲಿ ಅವನ ಜೊತೆ ವರ್ಷಗಟ್ಟಲೆ ದುಡಿದಿದ್ದ ಕಂಡಕ್ಟರ್ ಒಬ್ಬನಿದ್ದ. ಹತ್ತಿರ ಹೋಗಿ ಬಗ್ಗಿ ನೋಡಿದವನು ಹಿಂದಕ್ಕೆ ಸರಿದ. "ಇದೇನ್ರೀ, ಬಲಗೈ ತೋಳು ಇಳಿಸಿ ಗುಂಡಿ ಹಾಕಿದೆ? ಯಾರು ಹಾಕಿದ್ದು? ಮಾಮ ಬಲ ತೋಳು ಇಳಿಸಿದ್ದು ನಾನು ಕಂಡಿಲ್ಲ," ಎಂದ. ದರ್ಜಿಗೆ ಗೊತ್ತಿತ್ತು.

ಅದನ್ನು ಹೇಳಬೇಕಾದರೆ ಆ ಬಲಗೈಯಿಂದಲೇ ಶುರು ಮಾಡಬೇಕು.

ಮಾಮ ಪೇಟೆ ಬಸ್ಸಿನ ಡ್ರೈವರ್ ಆಗಿದ್ದ. ಡ್ಯೂಟಿಗೆ ಹತ್ತುವ ಮೊದಲು ಬಲ ತೋಳನ್ನು ಮೊಣಕೈ ದಾಟಿ ಮಡಿಸುವುದು, ಎಡ ತೋಳಿನ ಗುಂಡಿಯನ್ನು ಮಣಿಕಟ್ಟಿಗೆ ಸರಿಯಾಗಿ ಹಾಕುವುದು ಅವನ ಪದ್ಧತಿ. "ಒಂದು ಕೈ ಜಗಳಕ್ಕೆ, ಒಂದು ಕೈ ಮದುವೆಗೆ," ಎಂದು ದರ್ಜಿ ಛೇಡಿಸುತ್ತಿದ್ದ. ಮಡಿಸಿದ ಆ ಬಲ ಮೊಣಕೈ ಬಸ್ಸು ಹೊರಟಾಗಿನಿಂದ ಡಿಪೋ ಸೇರುವ ತನಕ ಕಿಟಕಿಯ ದಂಡೆಯ ಮೇಲೆ ಕೂತಿರುತ್ತಿತ್ತು. ಅವನಿಗೆ ಕಿಟಕಿ ಮಾಮ ಎಂಬ ಹೆಸರು ಬಂದದ್ದು ಹಾಗೆ. ಅದು ಗತ್ತಿಗಾಗಿ ಮಾಡಿದ್ದಲ್ಲ. ಬಸ್ಸಿನ ನಾಡಿ ಆ ದಂಡೆಯಲ್ಲಿದೆ ಎಂದು ಅವನು ನಂಬಿದ್ದ. ಎಲ್ಲೋ ಒಂದು ನಟ್ಟು ಸಡಿಲವಾದರೆ, ಹಿಂದಿನ ಟೈರಿನಲ್ಲಿ ಗಾಳಿ ಇಳಿದರೆ, ಮೀಟರಿನ ಮುಳ್ಳು ತೋರಿಸುವ ಮೊದಲೇ ತಗಡಿನ ನಡುಕ ಮೊಣಕೈಗೆ ಹೇಳುತ್ತದೆ ಎನ್ನುತ್ತಿದ್ದ. ಹೇಳುತ್ತಲೂ ಇತ್ತು.

ಆದರೆ ಬಿಸಿಲು ಪುಕ್ಕಟೆ ಬರುವುದಿಲ್ಲ. ವರ್ಷಗಳು ಕಳೆದಂತೆ ಮಾಮನ ಬಲ ಅರ್ಧ ಒಬ್ಬನ ಹಾಗೆ, ಎಡ ಅರ್ಧ ಇನ್ನೊಬ್ಬನ ಹಾಗೆ ಕಾಣತೊಡಗಿತು. ಬಲಗೈ ನೀರು ಬತ್ತಿದ ಕೆರೆಯ ತಳದಂತೆ ಬಿರಿದು, ಕಲೆ ಬಿದ್ದು, ಚಿವುಟಿದರೆ ಬಿಟ್ಟ ಮೇಲೂ ಎದ್ದೇ ನಿಲ್ಲುತ್ತಿತ್ತು. ಬಲಗೆನ್ನೆಯದೂ ಅದೇ ಕಥೆ. ಎಡಗೆನ್ನೆ ಮಾತ್ರ ಆಗತಾನೆ ಇಸ್ತ್ರಿ ಮಾಡಿದ ಹಾಗಿತ್ತು. ಕ್ಷೌರದವನು, "ಈ ಕಡೆ ನಿಮ್ಮಣ್ಣ ಕೂತಿದಾನೆ, ಆ ಕಡೆ ನೀವು. ಮೊದಲು ಯಾರಿಗೆ ಮಾಡ್ಲಿ?" ಎಂದು ಕೇಳುತ್ತಿದ್ದ. ಹೆಂಡತಿ ಫೋಟೋ ತೆಗೆಸಿಕೊಳ್ಳುವಾಗೆಲ್ಲ ಅವನ ಎಡಕ್ಕೇ ನಿಲ್ಲುತ್ತಿದ್ದಳು. "ನಾನು ಮದುವೆಯಾದೋನು ಈ ಕಡೆ ಇದಾನೆ. ಆ ಕಡೆಯೋನು ಯಾರೋ ನಂಗೆ ಗೊತ್ತಿಲ್ಲಪ್ಪ," ಎನ್ನುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮಾಮನೇ.

ಒಬ್ಬಳೇ ಮಗಳು ತಾನೂ ಬಸ್ಸು ಓಡಿಸುತ್ತೇನೆ ಎಂದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಡಿಪೋದ ಹಿಂದಿನ ಮೈದಾನದಲ್ಲಿ ಒಂದು ಹಳೇ ಬಸ್ಸು ಹತ್ತಿಸಿ, ಇಂಜಿನ್ ಚಾಲೂ ಮಾಡಿಸಿ, "ಸ್ಟೀರಿಂಗ್ ಆಮೇಲೆ ಹಿಡಿ. ಮೊದಲು ಮೊಣಕೈ ಇಲ್ಲಿ ಇಡು. ಏನು ಕೇಳ್ತಿದೆ?" ಎಂದ.

"ಏನೂ ಇಲ್ಲಪ್ಪ. ಗಡಗಡ ಅಂತಿದೆ."

"ಆ ಗಡಗಡದಲ್ಲೇ ಎಲ್ಲ ಇದೆ ಪುಟ್ಟಿ. ಅದು ಬಿಡಿಬಿಡಿಯಾಗಿ ಕೇಳೋ ತನಕ ಇಲ್ಲಿಂದ ಇಳಿಬೇಡ."

ಅವಳು ಕಲಿತಳು. ಅಪ್ಪ ನಿವೃತ್ತನಾಗುವ ಹೊತ್ತಿಗೆ ಅವಳಿಗೆ ಕೆಲಸವೂ ಸಿಕ್ಕಿತು, ಅದೂ ಅವನು ಓಡಿಸುತ್ತಿದ್ದ ರೂಟೇ. ಅವಳ ಯೂನಿಫಾರ್ಮಿನದು ಅರ್ಧ ತೋಳು. ಮಡಿಸುವ ಕೆಲಸವೂ ಇರಲಿಲ್ಲ. ಬರಿಯ ಮೊಣಕೈ ಕಿಟಕಿಯಲ್ಲಿ ಇಟ್ಟು ಅವಳು ಗೇಟು ದಾಟುವುದನ್ನು ಮಾಮ ದರ್ಜಿಯ ಬೆಂಚಿನಿಂದ ದಿನಾ ನೋಡುತ್ತಿದ್ದ. ನೋಡುವಾಗ ಅವನ ಮುಖ ಎರಡೂ ಕಡೆ ಒಂದೇ ಥರ ಅರಳುತ್ತಿತ್ತು.

ಅಷ್ಟರಲ್ಲಿ ದೊಡ್ಡಾಸ್ಪತ್ರೆಯ ಚರ್ಮದ ವಿಭಾಗದವರು ಡಿಪೋಗೆ ಬಂದರು. ಬಿಸಿಲಲ್ಲಿ ದುಡಿಯುವವರ ಚರ್ಮದ ಬಗ್ಗೆ ಏನೋ ಅಧ್ಯಯನ. ಹಳಬರೂ ಬೇಕು, ಹೊಸಬರೂ ಬೇಕು, ನಿವೃತ್ತರಾದವರು ಬಂದರೂ ಸಂತೋಷ ಎಂದರು. ಮಾಮ ಮೊದಲ ಸಾಲಿನಲ್ಲಿ ನಿಂತ. ಮದ್ದು ಚುಚ್ಚಿ ಮರಗಟ್ಟಿಸಿ, ಬಲಗೈಯ ಹೊರಮೈಯಿಂದ ಒಂದು ಬೇಳೆಯಷ್ಟು, ಕಂಕುಳ ಹತ್ತಿರದ ಒಳತೋಳಿನಿಂದ ಇನ್ನೊಂದು ಬೇಳೆಯಷ್ಟು ಚರ್ಮ ತೆಗೆದುಕೊಂಡರು.

"ಎರಡು ಯಾಕಮ್ಮ? ಒಂದು ಸಾಲಲ್ವಾ?" ಎಂದು ಅವನು ಡಾಕ್ಟರಮ್ಮನನ್ನು ಕೇಳಿದ.

ಆಕೆಗೆ ಮಾತಾಡಿಸುವ ಗುಣವಿತ್ತು. "ಎರಡರಲ್ಲೂ ಇರೋ ಜೀನ್‌ಗಳು ಒಂದೇ. ಆದ್ರೆ ಎಲ್ಲ ಜೀನೂ ಎಲ್ಲ ಹೊತ್ತೂ ಕೆಲಸ ಮಾಡಲ್ಲ. ಬಿಸಿಲು ಕಂಡ ಕಡೆ ಯಾವುದು ಜೋರಾಗಿದೆ, ಕಾಣದ ಕಡೆ ಯಾವುದು ಸುಮ್ಮನಿದೆ, ಅದನ್ನ ಹೋಲಿಸಬೇಕು," ಎಂದರು.

"ಅಂದ್ರೆ ಡಿಪೋ ಇದ್ದ ಹಾಗೆ. ಬಸ್ಸು ಅವೇ. ಯಾವುದು ರೂಟಿಗೆ ಹೋಯ್ತು, ಯಾವುದು ಶೆಡ್ಡಲ್ಲಿ ನಿಂತಿತು ಅನ್ನೋದು ಬೇರೆ."

"ಹಾಗೇ ಇಟ್ಕೊಳ್ಳಿ," ಎಂದು ಆಕೆ ನಕ್ಕರು. ನಗುತ್ತಲೇ ಅವನ ಬಲಗಿವಿಯ ಮುಂದೆ ಒಂದು ಚಿಕ್ಕ, ಮೇಣದಂತೆ ಹೊಳೆಯುವ ಗಂಟನ್ನು ಕಂಡರು. ನಗು ನಿಂತಿತು. "ಇದು ಎಷ್ಟು ದಿನದಿಂದ ಇದೆ? ಮುಂದಿನ ವಾರ ಆಸ್ಪತ್ರೆಗೆ ಬನ್ನಿ, ನೋಡಬೇಕು."

ಮಾಮ ಹೂಂ ಎಂದ. ಹೋಗಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಸುಮ್ಮನಿರುವ ನಾಯಿಯನ್ನು ಕಲ್ಲು ಹೊಡೆದು ಏಕೆ ಎಬ್ಬಿಸಬೇಕು ಎಂದುಕೊಂಡ. ಆದರೂ ಕೈ ಗಳಿಗೆಗೊಮ್ಮೆ ಅಲ್ಲಿಗೇ ಹೋಗುತ್ತಿತ್ತು.

ಕೆಲವು ತಿಂಗಳ ನಂತರ ಡಾಕ್ಟರಮ್ಮ ಮತ್ತೆ ಬಂದು, ಚರ್ಮ ಕೊಟ್ಟವರನ್ನೆಲ್ಲ ಡಿಪೋದ ಕ್ಯಾಂಟೀನಿನಲ್ಲಿ ಸೇರಿಸಿ, ಕಂಡದ್ದನ್ನು ಹೇಳಿದರು. ಡಿಪೋ ಹೋಲಿಕೆಯನ್ನು ಆಕೆ ಮರೆತಿರಲಿಲ್ಲ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ನಾರುಗಳಿವೆಯಲ್ಲ, ಅವನ್ನು ತಯಾರಿಸುವ ಬಸ್ಸುಗಳ, ಅಂದರೆ ಜೀನುಗಳ, ಟ್ರಿಪ್ಪು ವಯಸ್ಸಾದಂತೆ ಎಲ್ಲ ಕಡೆಯೂ ಕಡಿಮೆಯಾಗುತ್ತದೆ, ಬಟ್ಟೆಯೊಳಗಿನ ಚರ್ಮದಲ್ಲೂ. ಅದು ಬರಿಯ ಮುಪ್ಪು. ಬಿಸಿಲು ಬಿದ್ದ ಕಡೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅಲ್ಲಿ ಇರುವ ನಾರನ್ನು ಕತ್ತರಿಸುವ ಬಸ್ಸುಗಳು ಹೆಚ್ಚುವರಿ ಟ್ರಿಪ್ಪು ಹೊಡೆಯುತ್ತವೆ. ಬೆಂಕಿ ಬಿದ್ದಿಲ್ಲದಿದ್ದರೂ ಬೆಂಕಿ ಆರಿಸುವ ಗಾಡಿ ಗಂಟೆ ಬಾರಿಸುತ್ತ ತಿರುಗುತ್ತಿರುತ್ತದೆ, ಅದೇ ಉರಿಯೂತ. ಬಿಸಿಲು ಎಂದರೆ ಬೇಗ ಬಂದ ಮುಪ್ಪು ಮಾತ್ರವಲ್ಲ, ಅದು ಬೇರೆ ದಾರಿಗೇ ತಿರುಗಿಸುವ ಕೈಕಂಬ ಎಂದರು.

ಎಲ್ಲರೂ ಮಾಮನ ಕಡೆ ನೋಡಿ ಕಿಸಕ್ಕೆಂದರು. ಅವನೂ ಮೀಸೆ ತಿರುವಿದ. ಆಮೇಲೆ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. "ಇಲ್ಲಿರೋ ಚಿಕ್ಕ ವಯಸ್ಸಿನವರು ನಗಬೇಡಿ. ಮೂವತ್ತರ ಆಸುಪಾಸಿನವರ ಕೈ ನೋಡೋಕೆ ನುಣ್ಣಗಿದೆ. ಒಂದು ಗೆರೆ ಇಲ್ಲ. ಆದ್ರೂ ಒಳಗೆ ಬದಲಾವಣೆ ಶುರುವಾಗಿರೋದು ಕಾಣ್ತಿದೆ."

ಮಾಮನ ಕೈ ಮೀಸೆಯಲ್ಲೇ ನಿಂತಿತು. ಕ್ಯಾಂಟೀನಿನ ಬಾಗಿಲ ಬಳಿ, ಡ್ಯೂಟಿ ಮುಗಿಸಿ ಬಂದ ಮಗಳು ಚಹಾ ಕುಡಿಯುತ್ತ ನಿಂತಿದ್ದಳು. ನುಣುಪಾದ ಕೈ. ಒಂದು ಗೆರೆ ಇಲ್ಲ.

ಅಲ್ಲಿಂದ ಅವನ ನೆಮ್ಮದಿ ಹಾರಿತು. ಅವಳು ಊಟಕ್ಕೆ ಕೂತರೆ, "ಎರಡೂ ಕೈ ತೋರಿಸು," ಎನ್ನುತ್ತಿದ್ದ.

"ಯಾಕಪ್ಪ, ನಾನೇನು ಕಳ್ಳತನ ಮಾಡಿದೀನಾ?"

"ಬಲಗೈ ಕಪ್ಪಗಾಗಿದೆ."

"ಬಿಸಿಲಿಗೆ ಕಪ್ಪಾಗದೆ ಬೆಳ್ಳಗಾಗತ್ತಾ?"

"ಇದೇನಿದು, ಮೊಣಕೈ ಪಕ್ಕದಲ್ಲಿ? ಮೊನ್ನೆ ಇರಲಿಲ್ಲ." ಹೆಬ್ಬೆರಳಿಗೆ ನೀರು ಹಚ್ಚಿಕೊಂಡು ಉಜ್ಜಿದ. ಮನೆಯವರೆಲ್ಲ ಉಸಿರು ಹಿಡಿದು ನೋಡಿದರು. ಅದು ಗ್ರೀಸು.

ಮಗಳೂ ತಾಯಿಯೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನಿಗೆ ನಗು ಬರಲಿಲ್ಲ. ಅವನನ್ನು ಕೊರೆಯುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲ. ಮಗಳು ಹುಟ್ಟುವ ಮೊದಲೇ ಅವನು ವರ್ಷಗಟ್ಟಲೆ ಕಿಟಕಿಯಲ್ಲಿ ಕೈ ಇಟ್ಟವನು. ಜೀನು ಅಂದರೆ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವಂಥದ್ದು, ಅಷ್ಟು ಅವನಿಗೆ ಗೊತ್ತಿತ್ತು. ಹಾಗಾದರೆ ತನ್ನ ಕೈಯಲ್ಲಿ ಕೆಟ್ಟದ್ದೇ ಅವಳಿಗೂ ಇಳಿದಿರಬೇಕು. ಬೇರೆಯವರ ಮಕ್ಕಳು ಹೊಸ ಟೈರಿನಲ್ಲಿ ರಸ್ತೆಗಿಳಿದರೆ ತನ್ನ ಮಗಳು ಹುಟ್ಟುವಾಗಲೇ ಅರ್ಧ ಸವೆದ ಟೈರಿನಲ್ಲಿ ಬಂದಿದ್ದಾಳೆ. ಅದರ ಮೇಲೆ ಮೊಣಕೈ ಹೊರಗಿಡು ಎಂದು ತಾನೇ ಕಲಿಸಿದ್ದಾನೆ. ಕಿವಿಯ ಮುಂದಿನ ಗಂಟನ್ನು ಮುಟ್ಟಿ ನೋಡಿಕೊಳ್ಳುವಾಗೆಲ್ಲ ಅವನಿಗೆ ಅದು ಅವಳ ಕಿವಿಯ ಮುಂದೆ ಕಾಣುತ್ತಿತ್ತು.

ಚಿಂತೆ ಹಿಡಿದ ಮನುಷ್ಯ ತನಗೆ ಗೊತ್ತಿರುವ ವಿದ್ಯೆಯಲ್ಲೇ ಮದ್ದು ಹುಡುಕುತ್ತಾನೆ. ಒಂದು ಬೆಳಿಗ್ಗೆ ಮಾಮ ಮಗಳ ಬಸ್ಸು ಹತ್ತಿ, ಎಡಗಡೆಯ ಮುಂದಿನ ಕಿಟಕಿಯ ಪಕ್ಕ ಕೂತ. ಯಾವತ್ತೂ ಬಿಚ್ಚದ ಎಡ ತೋಳನ್ನು ಭುಜದವರೆಗೆ ಮಡಿಸಿ, ಬಾಳೆದಿಂಡಿನಂತಿದ್ದ ಬಿಳಿಚಿದ ಕೈಯನ್ನು ಬಿಸಿಲಿಗೆ ಚಾಚಿದ.

"ಇದೇನಪ್ಪ ಹೊಸ ವೇಷ?" ಎಂದಳು ಮಗಳು, ಕನ್ನಡಿಯಲ್ಲಿ ನೋಡುತ್ತ.

"ಟೈರ್ ಅದಲು ಬದಲು."

ಒಂದು ಕಡೆಯ ಟೈರು ಹೆಚ್ಚು ಸವೆದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕುವುದು ಎಲ್ಲ ಡ್ರೈವರಿಗೂ ಗೊತ್ತು. ಸವೆತ ಸಮನಾದರೆ ಗಾಡಿ ಒಂದು ಕಡೆಗೆ ಎಳೆಯುವುದಿಲ್ಲ. ಎಡಗೈ ತನ್ನ ಪಾಲಿನ ಬಿಸಿಲು ಹೊತ್ತರೆ ಬಲಗೈಗೆ ವಿಶ್ರಾಂತಿ ಸಿಕ್ಕು ಅಲ್ಲಿನ ಬಸ್ಸುಗಳು ತಮ್ಮ ತಮ್ಮ ರೂಟಿಗೆ ಮರಳಬಹುದು, ಗಂಟೂ ಕರಗಬಹುದು. ತನಗೆ ಸರಿಹೋದರೆ ಮಗಳಿಗೂ ದಾರಿ ಸಿಕ್ಕಂತೆ. ಇದು ಅವನ ಲೆಕ್ಕ. ವಾರ ಕಳೆಯುವುದರಲ್ಲಿ ಎಡಗೈ ಕೆಂಪಗೆ ಸುಟ್ಟು ಸಿಪ್ಪೆ ಸುಲಿಯತೊಡಗಿತು.

ಕೊನೆಯ ಸ್ಟಾಪಿನಲ್ಲಿ ಜನ ಇಳಿದ ಮೇಲೆ ಅಪ್ಪ ಮಗಳಿಗೆ ಜಗಳವಾಯಿತು.

"ಟಿಕೆಟ್ ಕೌಂಟರಲ್ಲಿ ಕೆಲಸ ಖಾಲಿ ಇದೆಯಂತೆ. ಕೇಳು. ನೆರಳಲ್ಲಿ ಕೂತು ಮಾಡೋ ಕೆಲಸ."

"ಬಸ್ಸು ಬಿಡು ಅಂತಿದೀಯಾ? ನೀನು?"

"ಹಾಗಾದ್ರೆ ಕೈ ಆದ್ರೂ ಒಳಗಿಡು."

"ನೀನೇ ಕಲಿಸಿದ್ದು. ಈಗ ಕೈ ತೆಗಿ ಅಂದ್ರೆ ಕಣ್ಣು ಕಟ್ಕೊಂಡು ಓಡಿಸು ಅಂದ ಹಾಗೆ."

"ಉದ್ದ ತೋಳು ಹಾಕ್ಕೋ ಮತ್ತೆ."

"ದಪ್ಪ ಬಟ್ಟೇಲಿ ಏನೂ ಗೊತ್ತಾಗಲ್ಲ. ನಿನಗೆ ಉದ್ದ ತೋಳಿತ್ತಲ್ಲ, ಇಳಿಸಿದ್ಯಾ ಒಂದು ದಿನ?"

ಅವಳು ಬಸ್ಸು ತಿರುಗಿಸಿದಳು. ಆಮೇಲೆ ಮನೆಯಲ್ಲಿ, "ಅಪ್ಪಂಗೆ ಊಟ ಬಡಿಸಮ್ಮ," "ಅವಳಿಗೆ ಬಾಗಿಲು ಹಾಕ್ಕೊಳ್ಳೋಕೆ ಹೇಳು," ಇಂಥ ಮಾತುಗಳೆಲ್ಲ ತಾಯಿಯ ಮೂಲಕವೇ ದಾಟತೊಡಗಿದವು.

ಬೆಂಚಿಗೆ ಬಂದ ಮಾಮನ ಸುಲಿದ ಎಡಗೈಯನ್ನು ದರ್ಜಿ ಹಿಡಿದು ನೋಡಿದ. ಕಥೆಯೆಲ್ಲ ಕೇಳಿದ. ಕಿವಿಯ ಮುಂದಿನ ಗಂಟನ್ನೂ ನೋಡಿದ. "ನಿನ್ನ ತಲೇಲಿ ಇಂಜಿನ್ ಇದೆಯೋ ಬರೀ ಹಾರನ್ ಇದೆಯೋ?" ಎಂದು ಬೈದು, ಅಂಗಡಿಗೆ ಬಾಗಿಲು ಹಾಕಿ, ಅಂದೇ ಅವನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದ.

ಡಾಕ್ಟರಮ್ಮನಿಗೆ ಟೈರಿನ ವಿಷಯ ಹೇಳಿದಾಗ ಆಕೆ ಹಣೆ ಒತ್ತಿಕೊಂಡರು. "ಬಲಗೈಗೆ ಬಿಸಿಲು ತಪ್ಪಿಸಿದ್ರೆ ಸ್ವಲ್ಪ ಸುಧಾರಿಸತ್ತೆ, ನಿಜ. ಆದ್ರೆ ಎಡಗೈ ಸುಟ್ಟು ಬಲಗೈಗೆ ಏನೂ ಲಾಭ ಇಲ್ಲ. ನೀವು ಸ್ಟೆಪ್ನಿ ಸವೆಸಿದ್ರಿ, ಅಷ್ಟೆ." ಗಂಟನ್ನು ಸುತ್ತಲಿನ ಅಂಚು ಸಮೇತ ಕತ್ತರಿಸಿ ತೆಗೆದು ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ಬರುವ ತನಕದ ದಿನಗಳನ್ನು ಮಾಮ ಬೆಂಚಿನ ಮೇಲೆ ಕಳೆದ. ಮುಂದೆ ಹಾದುಹೋಗುವ ಪ್ರತಿ ಬಸ್ಸಿನ ಕಿಟಕಿಯಲ್ಲೂ ಒಂದು ಮೊಣಕೈ. ಹುಡುಗರದು, ನಡುವಯಸ್ಸಿನವರದು, ನಿವೃತ್ತಿಗೆ ಹತ್ತಿರವಾದವರದು. ಮೊದಲು ಅವನ ಕಣ್ಣಿಗೆ ಬೀಳದಿದ್ದವು ಈಗ ಒಂದೂ ತಪ್ಪುತ್ತಿರಲಿಲ್ಲ. ಮಗಳ ಬಸ್ಸು ಬಂದಾಗ ಮಾತ್ರ ತಲೆ ತಗ್ಗಿಸಿ ಚಪ್ಪಲಿ ನೋಡುತ್ತಿದ್ದ.

ಕರೆ ಬಂತು. ದರ್ಜಿಯೂ ಜೊತೆಗೆ ಹೋದ. "ಕೆಟ್ಟ ಜಾತಿದೇ," ಎಂದರು ಡಾಕ್ಟರಮ್ಮ. "ಆದ್ರೆ ಆಮೆ ನಡಿಗೆಯದು. ಪೂರ್ತಿ ಕಿತ್ತು ಬಂದಿದೆ, ಅಂಚಲ್ಲೂ ಏನೂ ಉಳಿದಿಲ್ಲ. ಆಗಾಗ ಬಂದು ತೋರಿಸ್ತಿರಿ, ಸಾಕು."

ದರ್ಜಿ ಕುರ್ಚಿಗೆ ಒರಗಿ ಉಸಿರು ಬಿಟ್ಟ. ಮಾಮ ಮಾತ್ರ ಕೇಳಿಸಿಕೊಂಡವನಂತೆ ಕಾಣಲಿಲ್ಲ. ಬಲಗೈಯನ್ನು ಮೇಜಿನ ಮೇಲೆ ಚಾಚಿ, "ಅಮ್ಮಾ, ಇದನ್ನ ನಾನು ನನ್ನ ಮಗಳಿಗೆ ಕೊಟ್ಟಿದೀನಾ?" ಎಂದ.

ಡಾಕ್ಟರಮ್ಮನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಎದ್ದು ಬಂದು ಅವನ ಪಕ್ಕದಲ್ಲೇ ಕೂತರು. ಅವನ ಮಡಿಸಿದ ತೋಳನ್ನು ಇನ್ನೂ ಮೇಲಕ್ಕೆ ಸರಿಸಿ, ಚರ್ಮ ತೆಗೆದ ಒಳತೋಳಿನ ಚಿಕ್ಕ ಗುರುತಿನ ಮೇಲೆ ಬೆರಳಿಟ್ಟರು. "ಬಿಸಿಲು ನಿಮ್ಮ ಕೈಗೆ ಮಾಡಿದ್ದು ನಿಮ್ಮ ಕೈಯಲ್ಲೇ ಉಳಿಯತ್ತೆ. ಮಕ್ಕಳಿಗೆ ಇಳಿಯಲ್ಲ. ನೀವು ಅವಳಿಗೆ ಕೊಟ್ಟಿರೋದು ಇಂಥದ್ದು. ಈ ಒಳಗಿನದ್ದು."

ಮಾಮ ಆ ಜಾಗವನ್ನೇ ನೋಡುತ್ತ ಕೂತ.

"ಹಾಗಂತ ಅವಳಿಗೇನೂ ಆಗಲ್ಲ ಅಂತ ಅಲ್ಲ," ಎಂದರು ಅವರು. "ಬಿಸಿಲು ತಡೆಯೋ ಗುಣ ಎಷ್ಟಿದೆಯೋ ಅದು ಅಪ್ಪ ಅಮ್ಮ ನಿಮ್ಮಿಬ್ಬರಿಂದ ಬಂದಿರತ್ತೆ. ಆದ್ರೆ ಅವಳ ಬಿಸಿಲು ಅವಳದೇ. ಹೊಸದಾಗಿ ಶುರುವಾಗಿದೆ. ಈಗಿಂದ್ಲೇ ಕೈ ಮುಚ್ಚಿದ್ರೆ ತುಂಬಾ ಉಳಿಯತ್ತೆ."

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಒಂದೇ ಮಾತಾಡಿದ. "ಮುಚ್ಚಬೇಕು. ಆದ್ರೆ ಅವಳಿಗೆ ಕೇಳಿಸಬೇಕು."

ಮಾರನೆಯ ದಿನ ಅವನು ತನ್ನ ಕೊನೆಯ ಯೂನಿಫಾರ್ಮ್ ಅಂಗಿಯನ್ನು ತಂದು ದರ್ಜಿಯ ಮೇಜಿನ ಮೇಲೆ ಹರಡಿದ. ಬಲ ತೋಳು ಮಡಿಕೆ ಮಡಿಕೆಯಲ್ಲಿ ಬಣ್ಣ ಹೋಗಿ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿತ್ತು. ಎಡ ತೋಳು ಬಟ್ಟೆಯ ತಾನಿನಿಂದ ಆಗತಾನೆ ಕತ್ತರಿಸಿದ ಹಾಗಿತ್ತು.

"ಎಡದ್ದು ತೆಗೆದು ಅವಳ ಬಲಗೈಗೆ ಮಾಡು. ಬರೀ ತೋಳು. ಮೇಲ್ಗಡೆ ಎಲಾಸ್ಟಿಕ್ ಹಾಕು."

"ಎಡದ್ದು ಬಲಕ್ಕೆ ಕೂರಲ್ಲ ಕಣೋ. ಗುಂಡಿ ಒಳಗಡೆ ಬರತ್ತೆ."

"ಕಿತ್ತು ಹೊರಗಡೆ ಹಾಕು. ಯಾಕೆ, ಸೂಜಿ ಮುರಿದಿದ್ಯಾ?"

"ಹೊಸ ಬಟ್ಟೇಲಿ ಚೆನ್ನಾಗಿ ಹೊಲಿದು ಕೊಡ್ತೀನೋ ಮಾರಾಯ."

"ಇದೇ ಬೇಕು." ಆಮೇಲೆ ಅವನು ಬಲ ತೋಳಿನ ತೆಳ್ಳಗಿನ ಬಟ್ಟೆಯನ್ನು ಬೆರಳಿನ ನಡುವೆ ತಿಕ್ಕಿದ. "ಮೊಣಕೈ ದಂಡೆ ಮೇಲೆ ಕೂರೋ ಜಾಗ ಇದೆಯಲ್ಲ, ಅಲ್ಲಿ ಬಿಸಿಲು ಬೀಳಲ್ಲ. ಅಷ್ಟು ಮಾತ್ರ ಎಡದ್ದು ಕತ್ತರಿಸಿ ಈ ಬಲದ್ದರ ತುಂಡು ಕೂರಿಸು. ತೆಳ್ಳಗಿದೆ. ನಡುಕ ದಾಟತ್ತೆ."

ದರ್ಜಿ ಕತ್ತರಿ ಎತ್ತಿಕೊಂಡ.

ಆ ಮಂಗಳವಾರ ಬೆಳಿಗ್ಗೆ ಮಗಳ ಬಸ್ಸು ಗೇಟಿನ ಬಳಿ ಚಾಲೂ ಆಗಿ ನಿಂತಿತ್ತು. ಮಾಮ ಡ್ರೈವರ್ ಬಾಗಿಲ ಹತ್ತಿರ ಹೋಗಿ, "ಸ್ವಲ್ಪ ಇಳಿ," ಎಂದ. ಎಷ್ಟೋ ದಿನಗಳ ಮೇಲೆ ನೇರವಾಗಿ ಆಡಿದ ಮಾತು. ಅವಳು ಇಳಿದಳು. ಅವನು ಸೀಟಿಗೆ ಹತ್ತಿ, ದರ್ಜಿ ಹೊಲಿದ ಆ ತೋಳನ್ನು ತನ್ನ ಬಲಗೈಗೆ ಏರಿಸಿಕೊಂಡು, ಮೊಣಕೈ ದಂಡೆಯ ಮೇಲಿಟ್ಟು ಕಣ್ಣು ಮುಚ್ಚಿದ. ಬಸ್ಸಿನಲ್ಲಿದ್ದ ಜನ ಇದೇನು ನಾಟಕ ಎಂದು ಕತ್ತು ಚಾಚಿದರು.

"ಹಿಂದಿನ ಎಡ ಟೈರಲ್ಲಿ ಗಾಳಿ ಕಮ್ಮಿ," ಎಂದ.

"ಗೊತ್ತು. ತುಂಬಿಸೋಕೆ ಹೇಳಿ ಕಳಿಸಿದೀನಿ," ಎಂದಳು ಮಗಳು.

ಅವನ ಮುಖ ಎರಡೂ ಕಡೆ ಒಟ್ಟಿಗೆ ಅರಳಿತು. ತೋಳು ಬಿಚ್ಚಿ ಅವಳ ಕೈಗೆ ಏರಿಸಿದ. ಅವಳು ತಿರುಗಿಸಿ ಮುರುಗಿಸಿ ನೋಡಿದಳು. ಮೊಣಕೈಯ ಮಾಸಿದ ತುಂಡನ್ನು ಕಂಡಳು. ಸೀಟಿಗೆ ಹತ್ತಿ ಕೈಯನ್ನು ದಂಡೆಯ ಮೇಲಿಟ್ಟಳು.

"ಏನು ಕೇಳ್ತಿದೆ?"

"ಏನೂ ಇಲ್ಲಪ್ಪ," ಎಂದಳು ಅವಳು. "ಗಡಗಡ ಅಂತಿದೆ."

ಟೈರಿಗೆ ಗಾಳಿ ತುಂಬಿತು. ಬಸ್ಸು ಹೊರಟಿತು. ತಿರುವಿನಲ್ಲಿ ಮರೆಯಾಗುವ ತನಕ ಕಿಟಕಿಯಲ್ಲಿ ಖಾಕಿ ಮೊಣಕೈ ಕಾಣುತ್ತಿತ್ತು.

ಮಾಮ ಬೆಂಚಿಗೆ ಬಂದು ಕೂತ. ಒಳಗೆ ದರ್ಜಿ ಮೆಷಿನ್‌ಗೆ ದಾರ ಪೋಣಿಸುತ್ತ, "ಏನಂದ್ಳು?" ಎಂದ. ಬಿಸಿಲು ಬೆಂಚಿನ ತುದಿಯಿಂದ ನಿಧಾನವಾಗಿ ಅವನ ಕಡೆ ಏರುತ್ತಿತ್ತು. ಅವನು ಅದನ್ನು ನೋಡಿದ. ಬಲ ತೋಳಿನ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ ಮಣಿಕಟ್ಟಿನವರೆಗೆ ಎಳೆದ. ಆ ಕಡೆಯ ಗುಂಡಿಯ ತೂತನ್ನು ಯಾವತ್ತೂ ಬಳಸಿರಲಿಲ್ಲ. ದರ್ಜಿ ಹೊಲಿದು ಕೊಟ್ಟಾಗ ಎಷ್ಟು ಬಿಗಿಯಾಗಿತ್ತೋ ಅಷ್ಟೇ ಬಿಗಿಯಾಗಿತ್ತು. ಎಡಗೈಯ ಹೆಬ್ಬೆರಳಿನಿಂದ ಒತ್ತಿ ಒತ್ತಿ, ತುಟಿ ಕಚ್ಚಿಕೊಂಡು, ಕೊನೆಗೂ ಅವನು ಆ ಗುಂಡಿಯನ್ನು ದಾಟಿಸಿದ.